ಸೆವ್ರಿನ್ ಸಿಸ್ಟರ್‌ಗೆ ಸಿಕ್ಕ ಸೀಲು

ಡಾಕ್ಟರು ಹೇಳದೇ ಇದ್ದದ್ದನ್ನು ಅವರೇ ಹೇಳಿದ್ದೆಂದು ಅವರನ್ನೇ ನಂಬಿಸುವ ವಿದ್ಯೆ ನಮ್ಮ ಸೆವ್ರಿನ್ ಸಿಸ್ಟರ್‌ಗೆ ಕರಗತವಾಗಿತ್ತು. ಒಮ್ಮೆ ಗಲ್ಫಿನಲ್ಲಿ, ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಕ್ಲಿನಿಕ್ಕಿಗೆ ಸೂಕ್ ವಾಕಿಫ್ ಮಾರುಕಟ್ಟೆಯ ಅಂಗಡಿಯ ಅದ್ರಾಮಾಕ ಎದೆಯುರಿ ಎಂದು ಬಂದರು. ಪುತ್ತೂರು ಕಡೆಯ ನಮ್ಮ ಡಾಕ್ಟರು ಗ್ಯಾಸಿನ ಮಾತ್ರೆ ಬರೆಯಲು ಪೆನ್ನು ತೆಗೆದರು. ಸಿಸ್ಟರ್ ಮೆತ್ತಗೆ, "ನೀವು ಹೇಳಿದ ಹಾಗೇ ಇಸಿಜಿ ತೆಗ್ದೆ ಡಾಕ್ಟ್ರೇ" ಎಂದು ಕಾಗದ ಚಾಚಿದರು. ಹೃದಯದ್ದೇ ತೊಂದರೆ! ಆಂಬುಲೆನ್ಸ್ ಬಂತು, ಜೀವ ಉಳಿಯಿತು. ಗುಣವಾದ ಮೇಲೆ ಅದ್ರಾಮಾಕ ಡಾಕ್ಟರಿಗೆ ಹಲ್ವ ತಂದುಕೊಟ್ಟರು. ಅರ್ಧ ತಿಂದದ್ದು ಸಿಸ್ಟರ್.

ಮುಂದೆ ಅವರು ಓದಿ, ಪರೀಕ್ಷೆ ಬರೆದು, ಡಾಕ್ಟರ ಸಹಿಯಿಲ್ಲದೆ ತಾವೇ ಔಷಧಿ ಬರೆಯಬಲ್ಲ ನರ್ಸ್ ಪ್ರಾಕ್ಟೀಷನರ್ ಆದರು. ಸ್ವಂತ ಕೋಣೆ, ಸ್ವಂತ ಸೀಲು. ಒತ್ತುವ ಮೊದಲು ಸೀಲಿಗೆ 'ಹಾ' ಎಂದು ಉಸಿರು ಬಿಡುತ್ತಿದ್ದರು. ನಾನೋ ಫಿಜಿಷಿಯನ್ ಅಸಿಸ್ಟೆಂಟ್. ರೋಗಿಯನ್ನು ನಾನೇ ನೋಡಿದರೂ ಸಹಿಗಾಗಿ ಡಾಕ್ಟರ ಬಾಗಿಲಲ್ಲಿ ಕಾಯಬೇಕು. "ಸಿಸ್ಟರೇ ಎಲ್ಲ ನೋಡ್ತಾರಲ್ಲ, ನಿಮ್ಮ ಕಾಂಟ್ರಾಕ್ಟ್ ಯಾಕೆ ಮುಂದುವರಿಸ್ಬೇಕು?" ಎಂದು ಮ್ಯಾನೇಜರ್ ಕೇಳಿದರು. ನನ್ನ ಸಿಟ್ಟೆಲ್ಲ ಸಿಸ್ಟರ್ ಮೇಲೆ. ಮಾತು ಬಿಟ್ಟೆ.

"ಎಂತ ಮಾರಾಯ, ಮುಖ ಗೋಳಿಬಜೆ ಹಾಗೆ ಉಬ್ಬಿಸಿದ್ದು? ಯಲ್ಲಾ, ನಡಿ ನಡಿ, ಇವರ ಕೆಮ್ಮು ನೋಡು ಬಾ" ಎಂದು ಒಂದು ದಿನ ಎಳೆದೊಯ್ದರು. ಅಲ್ ಗರಾಫಾ ಬಡಾವಣೆಯಿಂದ ಬಂದ ಹೆಂಗಸಿಗೆ ತಿಂಗಳಿಂದ ಒಣಕೆಮ್ಮು. ಸಿಸ್ಟರ್ ಸಿರಪ್ ಬರೆದು, ಸೀಲಿಗೆ 'ಹಾ' ಎಂದದ್ದೂ ಆಗಿತ್ತು. ತಡೆಯಲಾರದೆ ನನ್ನ ಬಾಯಿಂದ, "ಬಿಪಿ ಮಾತ್ರೆ ಹೊಸತಾ, ಕೇಳಿ" ಎಂದು ಬಂತು. ಹೊಸತೇ. ಕೆಲವು ಬಿಪಿ ಮಾತ್ರೆಗೆ ಒಣಕೆಮ್ಮು ಬರುವುದುಂಟು. ಮಾತ್ರೆ ಬದಲಾಯಿಸಿದ ಮೇಲೆ ಕೆಮ್ಮು ನಿಂತಿತು.

ಸಿಸ್ಟರ್ ನನ್ನನ್ನು ಮ್ಯಾನೇಜರ್ ಎದುರು ನಿಲ್ಲಿಸಿದರು. "ಇವ ಹೇಳಿದ ಹಾಗೇ ಮಾಡಿದೆ ಸಾರ್. ಇಷ್ಟು ವರ್ಷದಲ್ಲಿ ನನ್ನ ಈ 'ಹೇಳಿದ ಹಾಗೇ' ನಿಜ ಆದದ್ದು ಇದೇ ಮೊದಲು! ಸೀಲು ಸಿಕ್ಕಿತು ಅಂತ ನನ್ನ ತಪ್ಪು ತೋರಿಸ್ಲಿಕ್ಕೆ ಒಬ್ಬ ಬೇಡವಾ?" ಕಾಂಟ್ರಾಕ್ಟ್ ಉಳಿಯಿತು. ನನಗೆ ನಾಚಿಕೆಯಾಯಿತು, ಅವರಿಗೆ ಅದೂ ಗೊತ್ತಾಯಿತು, ನಕ್ಕುಬಿಟ್ಟರು.

ಕಳೆದ ತಿಂಗಳು ಸಿಸ್ಟರ್ ಕೆಲಸ ಬಿಟ್ಟು ಊರಿಗೆ, ಶಿರ್ವಕ್ಕೆ, ಹೋದರು. ನಿನ್ನೆ ಹೊಸ ಡಾಕ್ಟರು ಎದೆಯುರಿಯ ಡ್ರೈವರೊಬ್ಬನಿಗೆ ಗ್ಯಾಸಿನ ಮಾತ್ರೆ ಬರೆಯಹೊರಟರು. "ನೀವು ಹೇಳಿದ ಹಾಗೇ ಇಸಿಜಿ ತೆಗ್ದೆ ಡಾಕ್ಟ್ರೇ" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿ ಕಾಗದಕ್ಕೆ ಕೈ ಚಾಚಿದರು. ನಗು ತಡೆಯಲಾಗದೆ, ಹೇಳಿಬಿಡೋಣವೆಂದು ಸಿಸ್ಟರ್ ಕೋಣೆಗೆ ಓಡಿದೆ. ಬೀಗ ಹಾಕಿತ್ತು.