ಅಂಗಳದ ಸೈಬೀರಿಯಾ

ರಷ್ಯಾದ ಪಾಠವನ್ನು ನನ್ನ ಹಾಗೆ ಹೇಳುವವರು ಈ ಸೀಮೆಯಲ್ಲೇ ಇಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದವಳು ನಾನು. ಜಹೀರಾಬಾದಿನ ಶಿಕ್ಷಕರ ತರಬೇತಿಯಲ್ಲಿ ಮೈಕ್ ಹಿಡಿದೂ ಹೇಳಿದ್ದೇನೆ. ಚಪ್ಪಾಳೆ ಬಿದ್ದಿತ್ತು. ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತೆಲಂಗಾಣದ ನಾರಾಯಣಖೇಡದಿಂದ ಮನೂರ್ ಕಡೆಗೆ ಷೇರ್ ಆಟೊದಲ್ಲಿ ಹೋದರೆ ಸಿಗುವ ಒಂದು ಊರಿನ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಕನ್ನಡ ಮಾಧ್ಯಮ. ಒಂಬತ್ತನೇ ತರಗತಿಯಲ್ಲಿ ಇಪ್ಪತ್ತೆರಡು ಮಕ್ಕಳು. ಅತ್ತ ತೊಗರಿ ಹೊಲ, ಇತ್ತ ಜೋಳದ ಹೊಲ ನೋಡಿ ಬೆಳೆದವರಿಗೆ ಒಂದೇ ಹೊತ್ತಿಗೆ ಹನ್ನೊಂದು ಬೇರೆ ಬೇರೆ ವೇಳೆ ತೋರಿಸುವ ಗಡಿಯಾರಗಳ ದೇಶವನ್ನು ಹೇಗೆ ತಿಳಿಸುವುದು? ಗೋಡೆಯ ಮೇಲೆ ತೆಲುಗು ಅಕ್ಷರದ ಒಂದು ಹಳೇ ನಕ್ಷೆ ಇತ್ತು. ಅದರ ಮೂಲೆಗಳನ್ನು ಇಲಿ ತಿಂದಿತ್ತು. ಹಾಗಾಗಿ ನಾನು ಸುಣ್ಣದ ಪುಡಿ ತರಿಸಿ ಶಾಲೆಯ ಅಂಗಳದಲ್ಲೇ ರಷ್ಯಾ ಬರೆದೆ.

ನಮ್ಮ ಅಂಗಳಕ್ಕೆ ತಾಂಡೂರ್ ಕಲ್ಲು ಹಾಸಿದೆ. ಪಶ್ಚಿಮಕ್ಕೆ ಬೇವಿನ ನೆರಳಲ್ಲಿ ಬೆಂಚು ಹಾಕಿದ ಜಾಗ ಮಾಸ್ಕೋ. ಧ್ವಜದ ಕಟ್ಟೆ ಯುರಾಲ್ ಪರ್ವತ. ಅದರಾಚೆ ಪಾಯಖಾನೆಯ ಗೋಡೆಯವರೆಗೆ ಸೈಬೀರಿಯಾ. ನಡುವೆ ಕುಡಿಯುವ ನೀರಿನ ಡ್ರಮ್ಮು ಬೈಕಲ್ ಸರೋವರ. ಸರಿ ಉತ್ತರ ಹೇಳಿದವರು ಮಾಸ್ಕೋದಲ್ಲಿ ಕೂರಬೇಕು, ತಪ್ಪಿದವರು ಸೈಬೀರಿಯಾಕ್ಕೆ ಗಡೀಪಾರು. ಮತ್ತೆ ಸರಿ ಉತ್ತರ ಹೇಳುವವರೆಗೆ ಅವರ ಜೊತೆ ಯಾರೂ ಮಾತಾಡುವಂತಿಲ್ಲ. ಜಾರ್ ದೊರೆಗಳ ಕಾಲದಲ್ಲಿ ಹಾಗೇ ಇತ್ತು, ಇತಿಹಾಸ ಮಕ್ಕಳ ಮೈಗೆ ಹತ್ತಬೇಕು ಎಂದು ನನ್ನ ವಾದ. ಹತ್ತಿತು.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಊರಿನಿಂದ ಸ್ವಲ್ಪ ಆಚೆಗಿರುವ ಕೇರಿಯವಳು. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ, ತಾಯಿ ಬೇರೆಯವರ ಹೊಲದಲ್ಲಿ ಕಳೆ ತೆಗೆಯುವಾಕೆ. ಆ ಹುಡುಗಿ ಮಾಸ್ಕೋ ಬಿಟ್ಟು ಕದಲುತ್ತಿರಲಿಲ್ಲ. ಓಬ್, ಯೆನಿಸೇ, ಲೇನಾ ನದಿಗಳು ಉತ್ತರಕ್ಕೆ ಯಾಕೆ ಹರಿಯುತ್ತವೆ ಎಂದರೆ ಕೈಯಲ್ಲಿ ಗಾಳಿಯಲ್ಲೇ ಇಳಿಜಾರು ಬರೆದು ತೋರಿಸುವಳು.

ಆ ವರ್ಷ ಜಹೀರಾಬಾದಿನಲ್ಲಿ ಭೂಗೋಳ-ಇತಿಹಾಸದ ಸ್ಪರ್ಧೆ ಇತ್ತು. ಒಂದು ಶಾಲೆಯಿಂದ ಒಬ್ಬರ ಹೆಸರನ್ನಷ್ಟೇ ಕಳಿಸಬಹುದು. ಗೆದ್ದವರಿಗೆ ಹತ್ತನೇ ಆದ ಮೇಲೆ ತಾಂಡೂರಿನಲ್ಲಿ ಊಟ, ವಸತಿ ಸಹಿತ ಪುಕ್ಕಟೆ ಕಾಲೇಜು. ಅದನ್ನು ಕೇಳಿ ಆಕೆಯ ತಾಯಿ ಹೊಲದ ಕೆಲಸ ಬಿಟ್ಟು ಬಂದು ವರಾಂಡದ ಕೆಳಗೇ ನಿಂತಳು.

"ಮೇಡಂರಿ, ತಾಂಡೂರಿಗೆ ಹೋದ್ರ ಇಕಿ ಓದ್ತಾಳರಿ. ಇಲ್ಲಂದ್ರ ಹತ್ತನೇದ್ದು ಮುಗಿದ ಕೂಡ್ಲೇ ನಮ್ಮ ಅಣ್ಣನ ಮಗಗ ಕೊಡಬೇಕಂತ ಮಾತಾಗ್ಯಾದರಿ. ನಿಮ್ಮ ಕೈಯಾಗ ಅದ."

"ನೋಡೋಣ ಬಿಡವ್ವ," ಎಂದೆ. ಮೇಲೆ ಬಾ ಎನ್ನಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ ಹೆಡ್ ಮಾಸ್ತರು ನನ್ನ ಪಾಠ ನೋಡಲು ಬಂದರು. ನಾನು ಉಬ್ಬಿಹೋಗಿದ್ದೆ. ಗೋಡೆಯ ಹಳೇ ನಕ್ಷೆಯನ್ನೂ ಹೊರಗೆ ತರಿಸಿ ಕೋಲಿನಿಂದ ತೋರಿಸುತ್ತ, ಕಜಕಿಸ್ತಾನದ ಗೋಧಿ ಹೊಲಗಳನ್ನೂ ರಷ್ಯಾಕ್ಕೆ ಸೇರಿಸಿ ವರ್ಣಿಸತೊಡಗಿದೆ. ಹುಡುಗಿ ಎದ್ದು ನಿಂತಳು.

"ಮೇಡಂ, ಅದು ಈಗ ಬ್ಯಾರೆ ದೇಶ ಅದರಿ. ಸೋವಿಯತ್ ಒಡದು ಹದಿನೈದು ದೇಶ ಆಗ್ಯಾವರಿ. ನಮ್ಮ ಪುಸ್ತಕದಾಗೇ ಅದರಿ."

ಮಕ್ಕಳು ನಕ್ಕರು. ಹೆಡ್ ಮಾಸ್ತರು ಪುಸ್ತಕ ತೆರೆದು ನೋಡಿ, "ಖರೆ ಅದ ನೋಡ್ರಿ ಮೇಡಂ," ಎಂದು ತಾವೂ ನಕ್ಕು ಹೋದರು. ನನಗೆ ಕಾಲಿನಿಂದ ತಲೆಯವರೆಗೆ ಉರಿಯಿತು. ಅದನ್ನು ಮುಚ್ಚಿಡುವುದೇನಿದೆ? ತಪ್ಪು ಹೇಳಿದ್ದಕ್ಕಲ್ಲ, ತಿದ್ದಿದ್ದು ಯಾರು ಎಂಬುದಕ್ಕೆ ಉರಿಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯವಳು ನಾನು. ಮೇಲುಕೀಳು ಇಲ್ಲವೆಂದು ಬಸವ ಜಯಂತಿಗೆ ವರ್ಷ ವರ್ಷ ಭಾಷಣ ಮಾಡುವವಳು.

"ಭಾಳ ಶಾಣ್ಯಾಕಿ ಆಗೀದಿ. ಹೋಗು, ಯಾಕುತ್ಸ್ಕದಾಗ ನಿಂದ್ರು," ಎಂದೆ.

ಭೂಮಿಯ ಮೇಲೆ ಜನ ವಾಸಿಸುವ ಊರುಗಳಲ್ಲೇ ಅತಿ ಚಳಿಯವುಗಳಲ್ಲಿ ಸೈಬೀರಿಯಾದ ಆ ಊರೂ ಒಂದು. ಆಕೆಯ ಬರಿಗಾಲ ಕೆಳಗಿನ ತಾಂಡೂರ್ ಕಲ್ಲು ಕಾದು ಹಂಚಾಗಿತ್ತು. ಒಂದು ಕಾಲು ಬದಲಿಸಿ ಇನ್ನೊಂದರ ಮೇಲೆ ನಿಲ್ಲುತ್ತಿದ್ದಳು. ಮರುದಿನವೂ ಅಲ್ಲೇ ನಿಲ್ಲಿಸಿದೆ, ಅದರ ಮರುದಿನವೂ. ಪ್ರಶ್ನೆ ಕೇಳಿದರೆ ಉತ್ತರ ಹೇಳಿ ಮಾಸ್ಕೋಗೆ ಬಂದುಬಿಡುತ್ತಾಳೆ. ಅದಕ್ಕೇ ಎರಡು ವಾರ ಆಕೆಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಕಿರಾಣಿ ಅಂಗಡಿಯವರ ಮಗಳು, ನಮ್ಮ ಪೈಕಿಯವಳೇ, ಓಡಿ ಬಂದು ಕೇಳಿದಳು: "ಮೇಡಂ, ಗಡೀಪಾರಾದವರು ನಾವು ಕುಡಿಯೋ ಗ್ಲಾಸಿನಾಗೇ ನೀರು ಕುಡೀಬಹುದೇನ್ರಿ?"

ಎಂಥ ಬುದ್ಧಿ ಎಂದು ನನಗೆ ಮೆಚ್ಚುಗೆಯಾಯಿತು. "ಬರೋಬ್ಬರಿ ಕೇಳ್ದಿ ನೋಡು. ಕುಡೀಬಾರದು," ಎಂದೆ. ಮಧ್ಯಾಹ್ನದೊಳಗೆ ಡ್ರಮ್ಮಿನ ಪಕ್ಕದ ಕಂಬದ ಮೊಳೆಗೆ ಒಂದು ನೀಲಿ ಪ್ಲಾಸ್ಟಿಕ್ ಗ್ಲಾಸು ಬಂತು. ಸೈಬೀರಿಯಾ ಗ್ಲಾಸು ಎಂದು ಹೆಸರಿಟ್ಟರು. ನಾನೂ ನಕ್ಕೆ.

ವಾರ ಕಳೆಯುವುದರೊಳಗೆ ಆಟ ನನ್ನ ಕೈಬಿಟ್ಟು ಹೋಗಿತ್ತು. ತಪ್ಪು ಉತ್ತರ ಹೇಳಿ ಸೈಬೀರಿಯಾಕ್ಕೆ ಹೋದ ಪಟೇಲರ ಮಗ ಡ್ರಮ್ಮಿನ ಮೇಲಿದ್ದ ಎಲ್ಲರ ಸ್ಟೀಲ್ ಗ್ಲಾಸಿನಲ್ಲೇ ಕುಡಿದ. ಸರಿ ಉತ್ತರ ಹೇಳಿ ಮಾಸ್ಕೋದಲ್ಲಿ ಕೂತಿದ್ದ, ಆ ಕೇರಿಯ ಇನ್ನೊಬ್ಬ ಹುಡುಗಿ ಎದ್ದುಹೋಗಿ ನೀಲಿ ಗ್ಲಾಸು ತೆಗೆದುಕೊಂಡಳು. ನಾನು ಹೇಳಿಕೊಟ್ಟದ್ದು ರಷ್ಯಾದ ಗಡೀಪಾರು. ಮಕ್ಕಳು ಅದನ್ನು ಮನೆಯಲ್ಲಿ ಕಲಿತಿದ್ದ ಪಾಠಕ್ಕೆ ಜೋಡಿಸಿಕೊಂಡರು. ನೋಡಿದ್ದೇನೆ, ಕಂಡಿಲ್ಲ ಎನ್ನಲಾರೆ. ಹಾಜರಿ ಪುಸ್ತಕದ ಮೇಲಿನಿಂದ ದಿನಾ ನೋಡುತ್ತಿದ್ದೆ.

ಪಾಠ ಕ್ರಾಂತಿಯವರೆಗೆ ಬಂತು. ದೊರೆ ಇಳಿದ, ಗಡೀಪಾರಾದವರೆಲ್ಲ ವಾಪಸ್ಸು ಬನ್ನಿ ಎಂದು ಕೂಗಿದೆ. ಸೈಬೀರಿಯಾದಲ್ಲಿದ್ದ ಐದಾರು ಮಕ್ಕಳು ಹೋ ಎಂದು ನೆರಳಿಗೆ ಓಡಿಬಂದರು. ಆಕೆ ನಡೆದು ಬಂದಳು. ಕೂರಲು ಹೋದಲ್ಲೆಲ್ಲ ಬೆಂಚಿನವರು ಒತ್ತಿಕೊಂಡು ಕೂತರು. ಕೊನೆಗೆ ಚೀಲ ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

ಸ್ಪರ್ಧೆಯ ಹೆಸರಿಗಾಗಿ ಇಪ್ಪತ್ತೈದು ಅಂಕದ ಪರೀಕ್ಷೆ ಇಟ್ಟೆ. ಅಂಗಡಿಯವರ ಮಗಳಿಗೆ ಇಪ್ಪತ್ನಾಲ್ಕು ಬಂತು. ಈಕೆಯ ಕಾಗದದಲ್ಲಿ ಕೊನೆಯ ಪ್ರಶ್ನೆಯವರೆಗೆ ಒಂದು ತಪ್ಪಿರಲಿಲ್ಲ. ಕೊನೆಯದು ನಾಲ್ಕು ಅಂಕದ್ದು: ಗಡೀಪಾರು ಶಿಕ್ಷೆಯ ಬಗ್ಗೆ ಬರೆಯಿರಿ. ಪುಸ್ತಕದಲ್ಲಿದ್ದಷ್ಟನ್ನು ಬರೆದು ಕೆಳಗೆ ಇನ್ನಷ್ಟು ಸೇರಿಸಿದ್ದಳು.

"ಗಡೀಪಾರಾದವರು ಏನೂ ತಿಳಿಯದವರಲ್ಲ. ತಿಳಿದು ಮಾತಾಡಿದವರನ್ನೇ ಕಳಿಸುತ್ತಿದ್ದರು. ಮೊದಲು ದೊರೆ ಕಳಿಸುತ್ತಾನೆ. ಆಮೇಲೆ ದೊರೆ ವಾಪಸ್ಸು ಕರೆದರೂ ಉಳಿದವರು ಜಾಗ ಕೊಡುವುದಿಲ್ಲ. ಅವರ ನೀರಿನ ಪಾತ್ರೆ ಬೇರೆ ಇರುತ್ತದೆ."

ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ಆಮೇಲೆ ಆ ಸಾಲುಗಳ ಮೇಲೆ ಅಡ್ಡ ಗೀಟು ಎಳೆದು ನಾಲ್ಕಕ್ಕೆ ಎರಡು ಕೊಟ್ಟೆ. ಇಪ್ಪತ್ಮೂರಾಯಿತು.

ಆಕೆ ಕಾಗದ ಹಿಡಿದು ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. "ಮೇಡಂ, ಇದಕ್ಕ ಎರಡು ಮಾರ್ಕ್ಸ್ ಯಾಕ ಕಟ್ ಮಾಡೀರಿ?"

"ನೀ ಬರೆದಿದ್ದು ಪುಸ್ತಕದಾಗ ಇಲ್ಲ."

"ಪುಸ್ತಕದಾಗ ಇಲ್ಲರಿ. ಅಂಗಳದಾಗ ಇತ್ತಲ್ರಿ. ನೀವೇ ಕಲಿಸೀರಲ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಉತ್ತರ ಸರಿಯಿದೆಯೋ ಇಲ್ಲವೋ ಎಂದಷ್ಟೇ ಕೇಳುತ್ತಿದ್ದಳು. ಸರಿಯಿತ್ತು. "ಬಾಯಿ ಭಾಳ ಆತು. ಕ್ಲಾಸಿಗೆ ಹೋಗು," ಎಂದೆ. ಹೋದಳು.

ಅಂಗಡಿಯವರ ಮಗಳು ಜಹೀರಾಬಾದಿಗೆ ಹೋಗಿ ಬರಿಗೈಯಲ್ಲಿ ಬಂದಳು. ಅವಳಿಗೇನೂ ನಷ್ಟವಾಗಲಿಲ್ಲ, ಅಪ್ಪ ಬೇರೆ ಕಾಲೇಜಿಗೆ ಹಾಕಿದ. ಈಕೆಯನ್ನು ಹತ್ತನೇ ಮುಗಿದ ಬೇಸಿಗೆಯಲ್ಲೇ ಕಲ್ಹೇರ್ ಕಡೆಯ ಹಳ್ಳಿಯ ಸೋದರಮಾವನ ಮಗನಿಗೆ ಕೊಟ್ಟರು. ಹುಡುಗನಿಗೆ ಇಪ್ಪತ್ತೊಂಬತ್ತು. ಲಗ್ನಕ್ಕೆ ಕರೆಯಲು ತಾಯಿ ಶಾಲೆಗೆ ಬಂದು, ಆಗಲೂ ವರಾಂಡದ ಕೆಳಗೇ ನಿಂತು, "ನೀವು ಬರಬೇಕರಿ ಮೇಡಂರಿ," ಎಂದಳು. ವಯಸ್ಸು ಕಡಿಮೆ, ಇದು ಅಪರಾಧ ಎಂದು ಹೇಳಬೇಕಾದವಳು ನಾನು, ಅದನ್ನೂ ನಾನೇ ಪಾಠ ಮಾಡುತ್ತೇನೆ. ಆಕೆ ಕೊಟ್ಟ ಲಗ್ನದ ಚೀಟಿ ತೆಗೆದುಕೊಂಡು ಪರ್ಸಿನಲ್ಲಿಟ್ಟುಕೊಂಡೆ.

ಅಂಗಳದಲ್ಲಿ ರಷ್ಯಾ ಬರೆಯುವುದನ್ನು ಬಿಟ್ಟೆ. ಸುಣ್ಣದ ಗೆರೆ ಮೊದಲ ಮಳೆಗೇ ಹೋಯಿತು. ಗ್ಲಾಸು ಹೋಗಲಿಲ್ಲ. ಒಂದು ಸಲ ಕಿತ್ತು ಗೋಡೆಯಾಚೆ ಎಸೆದೆ. ಮರುದಿನ ಅದೇ ಮೊಳೆಗೆ ಇನ್ನೊಂದು ಬಂದಿತ್ತು, ಹಸಿರು ಬಣ್ಣದ್ದು. ಯಾರು ತಂದರೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು.

ಈ ಜೂನ್‌ನಲ್ಲಿ ಆರನೇ ತರಗತಿಗೆ ಹೊಸ ಮಕ್ಕಳು ಸೇರಿದರು. ಎರಡನೇ ದಿನ, ಆ ಕೇರಿಯ ಒಂದು ಪುಟ್ಟ ಹುಡುಗಿ ನೀರಿಗೆ ಬಂದಳು. ಡ್ರಮ್ಮಿನ ಮೇಲೆ ಸ್ಟೀಲ್ ಗ್ಲಾಸು ಕೈಗೆಟುಕುವಂತೆಯೇ ಇತ್ತು. ಅದನ್ನು ಬಿಟ್ಟು, ತುದಿಗಾಲಲ್ಲಿ ನಿಂತು ಮೊಳೆಯ ಮೇಲಿನ ಹಸಿರು ಗ್ಲಾಸಿಗೆ ಕೈಚಾಚಿದಳು.

"ಅದನ್ನ ಯಾಕ ತೊಗೋತಿ?" ಎಂದೆ.

"ನಮ್ದು ಇದೇ ಅದರಿ, ಮೇಡಂ," ಎಂದು ನೀರು ಹಿಡಿದು ಕುಡಿದಳು.

ಆಕೆಗೆ ರಷ್ಯಾದ ಪಾಠ ಬರಲು ಇನ್ನೂ ಮೂರು ವರ್ಷ ಇದೆ.