ಇಂಟರ್‌ವಲ್‌ವರೆಗಿನ ಕಮಲಾಕ್ಷಣ್ಣ

ಹೊಡೆದಾಟದ ಸಿನಿಮಾದಷ್ಟು ದುಃಖದ್ದು ಬೇರೆ ಇಲ್ಲ ಎನ್ನುವ ಮನುಷ್ಯ ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯಲ್ಲಿದ್ದಾರೆ. ಹೆಸರು ಕಮಲಾಕ್ಷಣ್ಣ, ಉಡುಪಿ ಕಡೆಯವರು. ಠಾಣೆ ಶಹರದ ಒಂದು ಸಸ್ಯಾಹಾರಿ ಹೋಟೆಲಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತು, ಹೋದ ವರ್ಷ ನಿವೃತ್ತರಾದರು.

“ಹೀರೋನ ಮನೆ ಸುಡ್ತಾರೆ, ಅಪ್ಪನನ್ನು ಕೊಲ್ತಾರೆ, ಅವನಿಗೆ ಪೆಟ್ಟೇ ಪೆಟ್ಟು. ವಿಲನ್ ಆರಾಮ ಇರ್ತಾನೆ. ಎಂತ ನ್ಯಾಯ ಮಾರಾಯ್ರೆ ಇದು?” ಎಂದು ಅವರು ನಿಜವಾಗಿಯೂ ನೊಂದುಕೊಳ್ಳುತ್ತಾರೆ.

ದೆವ್ವದ ಸಿನಿಮಾದಲ್ಲಿ ಅವರಿಗೆ ದೆವ್ವವೇ ಕಂಡಿಲ್ಲ. “ಬಾಗಿಲು ಕಿರ್ರ್ ಅಂತದೆ, ಬೆಕ್ಕು ಹಾರ್ತದೆ. ತಿರುಗಣೆಗೆ ಎರಡು ಹನಿ ಎಣ್ಣೆ ಬಿಟ್ರೆ ಮುಗೀತು.” ಪ್ರೇಮಕಥೆಗಳಲ್ಲಿ ಎಲ್ಲ ಸುಖವಾಗಿಯೇ ಇದೆಯಂತೆ, ಹುಡುಗಿಯ ಅಪ್ಪಂದಿರು ಸುಮ್ಮನೆ ಹೆದರುತ್ತಾರಂತೆ. ಪತ್ತೇದಾರಿ ಸಿನಿಮಾ ಯಾವುದೇ ಇರಲಿ, ಕೊಲೆ ಮಾಡಿದವನು ತೋಟದ ಮಾಲಿಯೇ. ವಾದಿಸಿದವರ ಗತಿ ಕೇಳಬೇಡಿ.

ಇವರ ಮಾತು ನಂಬಿ ನಾನು ಕೆಟ್ಟೆ. ನಿಶ್ಚಿತಾರ್ಥವಾದ ಹೊಸದರಲ್ಲಿ, “ಒಳ್ಳೆ ತಮಾಷೆ ಉಂಟು, ಕುಟುಂಬ ಎಲ್ಲ ಪಿಕ್ನಿಕ್ ಹೋಗ್ತದೆ” ಎಂದು ಇವರು ಹೊಗಳಿದ ಸಿನಿಮಾಕ್ಕೆ ಭಾವೀ ಅತ್ತೆ ಮಾವನನ್ನು ಕರೆದುಕೊಂಡು ಹೋದೆ. ಪಿಕ್ನಿಕ್ ಹೋದ ಆರು ಜನರಲ್ಲಿ ನಾಲ್ವರು ಹೆಣವಾಗಿ ಬಂದರು. ಮಾವ ಕಲ್ಯಾಣ ಸ್ಟೇಷನ್ ಬರುವವರೆಗೆ ನನಗೆ ಬೆನ್ನು ಹಾಕಿಯೇ ಕೂತಿದ್ದರು. ನನಗೆ ಇಂದಿಗೂ ಆ ಸಿಟ್ಟು ಇಳಿದಿಲ್ಲ.

ಇದೆಲ್ಲದರ ಗುಟ್ಟು ತಿಳಿದದ್ದು ಕಳೆದ ತಿಂಗಳು. ಒಂದು ಶನಿವಾರ ಬೆಳಿಗ್ಗೆ ಕಮಲಾಕ್ಷಣ್ಣ ಬೆವರು ಒರೆಸುತ್ತ ನಮ್ಮ ಮನೆಗೆ ಬಂದು, ಒಂದು ಹಳೆಯ ಸಿನಿಮಾದ ಹೆಸರು ಹೇಳಿದರು. “ಅದರಲ್ಲಿ ತಾಯಿ ಕೊನೆಗೆ ಬದುಕ್ತಾಳಾ? ಮೊಬೈಲಲ್ಲಿ ನೋಡಿ ಹೇಳಿ.”

“ನೀವೇ ನೋಡಿದ್ದೀರಲ್ಲ?”

“ಅರ್ಧ ನೋಡಿದ್ದು.”

ಅದೊಂದೇ ಅಲ್ಲ, ಎಲ್ಲವೂ ಅರ್ಧ. ಥಿಯೇಟರ್ ಹೋಟೆಲಿನ ಹಿಂದೆಯೇ ಇತ್ತು. ಊಟದ ಗದ್ದಲ ಮುಗಿದ ಮೇಲೆ ಅವರಿಗೆ ಮೂರರಿಂದ ನಾಲ್ಕೂವರೆಯವರೆಗೆ ಬಿಡುವು. ಮ್ಯಾಟಿನಿ ಶುರುವಾಗುವುದು ಮೂರಕ್ಕೆ, ಇಂಟರ್‌ವಲ್ ನಾಲ್ಕೂಕಾಲಿಗೆ. ಚಹಾದ ಗಿರಾಕಿಗಳು ಬರುವಾಗ ಕೌಂಟರಿನಲ್ಲಿ ಇರಲೇಬೇಕು. ಮೂವತ್ತೊಂದು ವರ್ಷ ಈ ಮನುಷ್ಯ ಇಂಟರ್‌ವಲ್ ಬೆಲ್ಲಿಗೆ ಎದ್ದು ಓಡಿದ್ದರು.

ಅಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮನೆಯಲ್ಲಿ ಅವರ ಹೆಂಡತಿ ಪ್ರಭಕ್ಕ ಇದ್ದರು. ಅತ್ತೆ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಪ್ರಭಕ್ಕನಿಗೆ ಮೂರು ಗಂಟೆ ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ. ಸೋಮವಾರದ ರಜೆಯಲ್ಲಿ ಅವರು ತರಕಾರಿ ಹೆಚ್ಚುತ್ತ ಕೂತರೆ, ಕಮಲಾಕ್ಷಣ್ಣ ಆ ವಾರದ ಸಿನಿಮಾದ ಕಥೆ ಹೇಳಬೇಕು. ಅರ್ಧಕ್ಕೆ ಬಿಟ್ಟು ಏಳಲು ಯಾವ ಹೆಂಡತಿ ಬಿಡುತ್ತಾಳೆ? ಉಳಿದರ್ಧವನ್ನು ಇವರೇ ಕಟ್ಟಿ ಹೇಳುತ್ತಿದ್ದರು.

ಆ ತಾಯಿಯ ಸಿನಿಮಾ ಬಂದಾಗ ಪ್ರಭಕ್ಕನ ಸ್ವಂತ ತಾಯಿ ಊರಿನಲ್ಲಿ ಆಸ್ಪತ್ರೆ ಸೇರಿದ್ದರು. ಇಂಟರ್‌ವಲ್‌ನಲ್ಲಿ ಸಿನಿಮಾದ ತಾಯಿಯೂ ಕಣ್ಣು ಮುಚ್ಚಿ ಮಲಗಿದ್ದಳು. ಕಮಲಾಕ್ಷಣ್ಣ ಅವಳನ್ನು ಎಬ್ಬಿಸಿ, ನಡೆಸಿ, ಮಗನ ಮದುವೆಯಲ್ಲಿ ಅಕ್ಷತೆ ಹಾಕಿಸಿದರು. ಪ್ರಭಕ್ಕ ಆ ಕಥೆಯನ್ನೇ ಹಿಡಿದುಕೊಂಡು ಊರಿಗೆ ಹೋದರು. ಅವರ ತಾಯಿ ಗುಣವಾಗಿ ಹತ್ತು ವರ್ಷ ಬಾಳಿದರು. ಆ ಸಿನಿಮಾ ಒಮ್ಮೆ ಕಣ್ಣಾರೆ ನೋಡಬೇಕು ಎಂಬುದು ಅಂದಿನಿಂದ ಪ್ರಭಕ್ಕನ ಆಸೆ. ಈಗ ಮಗಳು ಅಪರ್ಣಾ ಅದನ್ನು ಟಿವಿಯಲ್ಲಿ ಹುಡುಕಿ, “ಮಮ್ಮೀ, ಮಿಲ್ ಗಯಾ! ಕಲ್ ಸಬ್ ಸಾಥ್ ಮೇ ದೇಖೇಂಗೆ” ಎಂದು, ನಾಳೆಯೇ ಎಲ್ಲರೂ ಒಟ್ಟಿಗೆ ನೋಡುವುದೆಂದು ಕುಣಿಯುತ್ತಿದ್ದಳು.

ನಾನು ಮೊಬೈಲ್ ನೋಡಿದೆ. “ಸಾಯ್ತಾಳೆ. ಒಂದು ಹಾಡೂ ಇದೆ.”

“ಹಾಡು ಬೇರೆ ಉಂಟಾ!” ಎಂದು ಅವರು ಸೋಫಾದ ಮೇಲೆ ಕುಸಿದರು. “ನಾನು ಸುಳ್ಳ ಅಂತ ಗೊತ್ತಾದ್ರೆ ಇನ್ನು ನನ್ನ ಒಂದು ಮಾತೂ ಅವಳು ನಂಬುದಿಲ್ಲ.”

ಮೊದಲು ನನಗೆ ಒಳಗೊಳಗೇ ಖುಷಿಯಾಯಿತು. ಅವರ ಮುಖ ನೋಡಿದ ಮೇಲೆ ನಾಚಿಕೆಯಾಯಿತು.

ಭಾನುವಾರ ಮಧ್ಯಾಹ್ನ ಧೈರ್ಯಕ್ಕೆಂದು ನನ್ನನ್ನೂ ಕರೆದು ಕೂರಿಸಿಕೊಂಡರು. ಟಿವಿಯಲ್ಲಿ ಇಂಟರ್‌ವಲ್ ಎಂಬ ಅಕ್ಷರ ಮೂಡಿದ್ದೇ ತಡ, ಅಭ್ಯಾಸಬಲದಿಂದ ಎದ್ದು ನಿಂತರು.

“ಎಲ್ಲಿಗೆ ಹೊರಟದ್ದು? ಈಗಲ್ವಾ ಅವಳು ಏಳುದು?” ಎಂದರು ಪ್ರಭಕ್ಕ.

“ಏಳುದಿಲ್ಲ ಪ್ರಭಾ. ಇದರ ಮುಂದಿನದ್ದು ನಾನು ನೋಡ್ಲೇ ಇಲ್ಲ. ಯಾವುದರದ್ದೂ ನೋಡ್ಲಿಲ್ಲ. ಎಲ್ಲ ನಾನೇ ಮಾಡಿ ಹೇಳಿದ್ದು.”

ಪ್ರಭಕ್ಕ ಕೆಂಪಾದರು. “ಮೂವತ್ತು ವರ್ಷ ನನ್ನನ್ನು ಮಂಗ ಮಾಡಿದ್ರಾ? ಕೂತ್ಕೊಳ್ಳಿ. ಪೂರ್ತಿ ನೋಡಿಯೇ ಏಳಬೇಕು.”

ನೋಡಿದೆವು. ತಾಯಿ ಹಾಡು ಮುಗಿಸಿ ತೀರಿಕೊಂಡಳು. ಪ್ರಭಕ್ಕ ಅಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಸಿನಿಮಾದ ಕೊನೆ ಕಂಡ ಕಮಲಾಕ್ಷಣ್ಣ ಮಾತ್ರ ಟವೆಲ್ ಒದ್ದೆಯಾಗುವಷ್ಟು ಅತ್ತರು.

ಪ್ರಭಕ್ಕ ಅಪರ್ಣಾಳ ಕೈಯಿಂದ ರಿಮೋಟ್ ಕಸಿದು ಟಿವಿ ಆರಿಸಿದರು. “ಅಷ್ಟು ದೊಡ್ಡ ಡಾಕ್ಟರನ್ನು ಇಟ್ಟುಕೊಂಡು ಕೊಂದು ಹಾಕಿದ್ರಲ್ಲ, ಈ ಸಿನಿಮಾದವರಿಗೆ ಬುದ್ಧಿ ಉಂಟಾ? ಆ ದಿನ ನೀವು ಈ ಕಥೆ ಹೇಳಿದ್ರೆ ನಾನು ಊರಿನ ಬಸ್ಸು ಹತ್ತುವಷ್ಟು ಜೀವವೂ ನನ್ನಲ್ಲಿ ಉಳೀತಿರ್ಲಿಲ್ಲ.”

“ಹಾಗಾದ್ರೆ ಸಿಟ್ಟಿಲ್ವಾ?”

“ಸಿಟ್ಟು ಉಂಟು. ನಾಳೆ ನನ್ನನ್ನು ಥಿಯೇಟರಿಗೆ ಕರ್ಕೊಂಡು ಹೋಗಿ. ಇಂಟರ್‌ವಲ್‌ಗೆ ಎದ್ದು ಬರುವ. ಉಳಿದದ್ದು ಹೋಟೆಲಲ್ಲಿ ಚಾ ಕುಡಿತಾ ನೀವೇ ಹೇಳಿ.”