ಕೂಗದ ಅಲಾರಾಂ

ಮೊನ್ನೆ ಪುತ್ತೂರಿನಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದೆ. ಅಂಗಡಿಯವನು ಬೆಸುಗೆ ಹಾಕಿದ. ಸೀಸ, ರಾಳ ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ತಡ, ವಯರಿಂಗ್ ಅಣ್ಣ ನೆನಪಾದರು... ಕೂತಿರಲಾಗಲಿಲ್ಲ, ಎದ್ದು ಹೊರಗೆ ಬಂದೆ.

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರು ಹಳೆಯ ಅಂಬಾಸಿಡರ್ ಕೊಂಡಿದ್ದರು. ಕಾರು ಕದ್ದು ಗಡಿ ದಾಟಿಸುತ್ತಾರಂತೆ ಎಂಬ ಸುದ್ದಿ ಕೇಳಿದ ಮೇಲೆ ಅವರಿಗೆ ನಿದ್ದೆಯಿಲ್ಲ. ಕಾರಿಗೆ ಅಲಾರಾಂ ಹಾಕಿಸಲು ಪೇಟೆಯ ವಾಹನಗಳಿಗೆಲ್ಲ ವಯರಿಂಗ್ ಮಾಡುತ್ತಿದ್ದ ಅಣ್ಣನನ್ನು ಕರೆಸಿದರು.

“ಅಲ್ಲಾಡಿದ್ರೆ ಕೂಗುದು ಉಂಟು, ಬಾಗಿಲು ತೆಗೆದ್ರೆ ಕೂಗುದು ಉಂಟು. ಅಲ್ಲಾಡಿದ್ರೆ ಕೂಗುದು ಬೇಡ. ದನ ಬಂದು ಮೈ ತಿಕ್ಕಿದ್ರೂ ಊರು ಸೇರ್ತದೆ” ಎಂದರು ಅಣ್ಣ. ಬಾಗಿಲಿನದನ್ನೇ ಹಾಕಿಸಿದೆವು. ಅದನ್ನು ಆಫ್ ಮಾಡುವ ಸ್ವಿಚ್ಚನ್ನು ಹಿಂದಿನ ಬಂಪರಿನ ಒಳಬದಿಗೆ, ಕಣ್ಣಿಗೆ ಬೀಳದಂತೆ ಕೂರಿಸಿದರು. “ಇದು ಬೇರೆಯವರಿಗೆ ಹೇಳುದು ಬೇಡ ಮಾರಾಯ್ರೆ.”

ಹೇಳದೆ ಇರುವುದುಂಟೇ! ಬಂದ ನೆಂಟರಿಗೆಲ್ಲ ಕಾಫಿ ಆದ ಮೇಲೆ ಇದೇ ಆಟ. “ಸ್ವಿಚ್ಚು ಎಲ್ಲಿ ಉಂಟು, ಹುಡುಕಿ ನೋಡುವ!” ಅವರು ಸೋತರೆ ನಮ್ಮವರೇ ತೋರಿಸಿ ನಗುವುದು. ಅಲಾರಾಂ ಉಂಟಲ್ಲ ಎಂಬ ಧೈರ್ಯಕ್ಕೆ ಕೀಲಿಕೈಯನ್ನೂ ಕಾರಿನಲ್ಲೇ ಬಿಡತೊಡಗಿದರು.

ಒಂದು ಮಧ್ಯಾಹ್ನ ಉಂಡು ಎದ್ದು ನೋಡಿದರೆ ಅಂಗಳದಲ್ಲಿ ಕಾರಿಲ್ಲ. ಅಲಾರಾಂ ಕೂಗಿರಲೇ ಇಲ್ಲ. “ವಯರಿಂಗಿನವನದ್ದೇ ಕೆಲಸ” ಎಂದರು ನಮ್ಮವರು. ಅಷ್ಟು ನೆಂಟರಿಗೆ ತೋರಿಸಿದ್ದು ಅವರಿಗೆ ನೆನಪಾಗಲಿಲ್ಲ. ನನಗೆ ನೆನಪಾಗಿತ್ತು. ಬಾಯಿ ಬಿಡಲಿಲ್ಲ.

ಅಣ್ಣ ಕೈಯ ಗ್ರೀಸು ಒರೆಸುತ್ತ ಓಡಿ ಬಂದರು. “ನಾನು ಎಂತಕ್ಕೆ ತೆಗೀಲಿ? ಬೇಕಾದ್ರೆ ದೈವದ ಎದುರು ಹೇಳ್ತೇನೆ.”

“ಹೇಳು ಹಾಗಾದ್ರೆ” ಎಂದರು ನಮ್ಮವರು.

ಹೇಳಿಸಿಯೇ ಬಿಟ್ಟರು. ನಮ್ಮ ದೈವದ ಗುಡಿಯೆದುರು, ನೆರೆಕರೆಯವರೆಲ್ಲ ನೋಡುತ್ತಿದ್ದಂತೆ, ಮಿಂದು ಒದ್ದೆ ಬಟ್ಟೆಯಲ್ಲಿ ನಿಂತು, ಕಾರು ಮುಟ್ಟಿಲ್ಲವೆಂದು ಆ ಮನುಷ್ಯ ಆಣೆ ಹಾಕಿದರು.

ಮರುದಿನ ಕಾರು ಸಿಕ್ಕಿತು. ಪೆಟ್ರೋಲ್ ಮುಗಿದು ಜಾಲ್ಸೂರಿನ ರಸ್ತೆ ಬದಿಯಲ್ಲಿ ನಿಂತಿತ್ತು. ಕೊಂಡುಹೋದವನು ನನ್ನ ಸ್ವಂತ ತಮ್ಮ! ಸ್ವಿಚ್ಚಿನ ಆಟ ಅವನೂ ಆಡಿದ್ದ. ಸ್ನೇಹಿತರೆದುರು ಗತ್ತು ತೋರಿಸಲಿಕ್ಕಂತೆ. ಅಡುಗೆಮನೆಗೆ ಬಂದು ನನ್ನ ಕಾಲು ಹಿಡಿದು ಅತ್ತ. ನಮ್ಮವರಿಗೆ ಹೇಳಿದೆ.

“ಹೊರಗೆ ಹೇಳುದು ಬೇಡ. ಮನೆಯ ಮರ್ಯಾದೆ ಹೋಗ್ತದೆ” ಎಂದರು.

ಯಾರೋ ಕಳ್ಳ ಬಿಟ್ಟು ಓಡಿದ ಎಂದು ಊರಿಗೆ ಸುಳ್ಳು ಹೇಳಿದೆವು. ಊರು ಸುಮ್ಮನಿರುತ್ತದೆಯೇ? ಆಣೆ ಹಾಕಿದ ಮೇಲೆಯೇ ಸಿಕ್ಕಿತಲ್ಲ, ದೈವಕ್ಕೆ ಹೆದರಿ ವಯರಿಂಗಿನವನೇ ಬಿಟ್ಟಿರಬೇಕು ಎಂದು ಜನ ಆಡಿಕೊಂಡರು. ಅಣ್ಣನ ಕೈಗೆ ಗಾಡಿ ಕೊಡುವವರು ಕಡಿಮೆಯಾದರು. ಕೊನೆಗೆ ಅವರು ಪುತ್ತೂರು ಬಿಟ್ಟು ಕಡಬಕ್ಕೆ ಹೋದರು. ಥೂ, ನಮ್ಮ ಮರ್ಯಾದೆಯೇ!

ಮೊನ್ನೆ ಆ ಅಂಗಡಿಯಿಂದ ಎದ್ದವಳು ನೇರ ಕಡಬದ ಬಸ್ಸು ಹತ್ತಿದೆ. ಹೇಳಿಬಿಡಬೇಕು ಎಂದುಕೊಂಡೇ ಹೋದೆ. ನಮ್ಮವರೂ ಇಲ್ಲ, ತಮ್ಮನೂ ಇಲ್ಲ. ಇನ್ನು ಯಾರ ಮರ್ಯಾದೆ ಉಳಿಸಲಿಕ್ಕಿತ್ತು? ಹೋದರೆ ಅಣ್ಣ ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ನೀರು, ಬೆಲ್ಲ ತಂದಿಟ್ಟು ಪಕ್ಕದಲ್ಲೇ ಕುಳಿತರು.

“ಅಕ್ಕ, ಆ ಕಾರು ತೆಗೆದದ್ದು ಯಾರಂತ ಕಡೆಗೂ ಗೊತ್ತಾಗ್ಲಿಲ್ಲ, ಅಲ್ವಾ? ಇವರು ಸಾಯುವವರೆಗೂ ಅದನ್ನೇ ಕೇಳ್ತಿದ್ರು.”

“ಇಲ್ಲ, ಗೊತ್ತಾಗ್ಲಿಲ್ಲ” ಎಂದೆ.